ಅಳಿವೆಯನ್ನೂ ನಕಾಶೆಯ ವೃತ್ತದೊಳಗೆ ಸೇರಿಸಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಪತ್ರಿಕೆಗಳಲ್ಲಿ ಬಂದ ಬರಹಗಳನ್ನು ಕತ್ತರಿಸಿ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಅಂಟಿಸಿಟ್ಟುಕೊಂಡಿದ್ದೇನೆ. ಸಿಂಗಳೀಕದ ಬಗ್ಗೆ ಇದೆ, ಕಡಿಯಬೇಕಾಗುವ ಮರಗಳ ಬಗ್ಗೆ ಇದೆ, ಗುಡ್ಡ ಕುಸಿಯುವ ಭಯದ ಬಗ್ಗೆ, ರಾಜ್ಯಕ್ಕೆ ಬೇಕಾದ ವಿದ್ಯುತ್ತಿನ ಬಗ್ಗೆಯೂ ಇದೆ. ಎಲ್ಲವೂ ಬರೆಯಬೇಕಾದ ವಿಷಯಗಳೇ. ಆದರೆ ಅದೇ ಹೊಳೆ ಹೊನ್ನಾವರದಲ್ಲಿ ಸಮುದ್ರ ಸೇರುವ ಜಾಗದ ಬಗ್ಗೆ, ಅಲ್ಲಿಯ ಕೆಸರು ಬಯಲು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಮತ್ತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಹೆಂಗಸರ ಬಗ್ಗೆ ನನ್ನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಬೇಕು.

ನನ್ನ ತವರುಮನೆ ಶರಾವತಿಯ ಅಳಿವೆಯ ಒಂದು ಕುರ್ವೆಯಲ್ಲಿ, ಅಂದರೆ ಹೊಳೆಯ ನಡುಗಡ್ಡೆಯಲ್ಲಿ, ಇದೆ. 1992ರಲ್ಲಿ ಮದುವೆಯಾಗಿ ಬಂದದ್ದು ಕುಮಟಾ ತಾಲ್ಲೂಕಿಗೆ, ಅಘನಾಶಿನಿಯ ದಂಡೆಗೆ. ಎರಡೂ ಮನೆಗಳ ನಡುವೆ ಬಸ್ಸಿನ ಪ್ರಯಾಣ ಒಂದು ಗಂಟೆಯದು. ಮಳೆ ಒಂದೇ, ಸಮುದ್ರ ಒಂದೇ, ಹೆಂಗಸರು ಸೀರೆ ಎತ್ತಿಕಟ್ಟಿ ಹೊಳೆಗಿಳಿಯುವ ರೀತಿಯೂ ಒಂದೇ. ಆದರೆ ಬುಟ್ಟಿಯಲ್ಲಿ ಬರುವುದು ಬೇರೆ ಬೇರೆ. ಮದುವೆಯಾಗಿ ಬಂದ ಮೊದಲ ಬೇಸಗೆಯಲ್ಲಿ ಅತ್ತೆ ನನ್ನನ್ನು ಹುಣ್ಣಿಮೆಯ ಮಾರನೆಯ ದಿನ ಇಳಿತದ ಹೊತ್ತಿಗೆ ಹೊಳೆಗೆ ಕರೆದುಕೊಂಡು ಹೋದರು. ಮೊಣಕಾಲಿನವರೆಗಿನ ನೀರಿನಲ್ಲಿ ನಿಂತು ಕಾಲ್ಬೆರಳಿನಿಂದ ಕೆಸರು ತಡವಿದರೆ ಸಾಕು, ಬಳಚು ಸಿಗುತ್ತಿತ್ತು. ಎರಡು ಗಂಟೆಯೊಳಗೆ ಎರಡು ಬುಟ್ಟಿ ತುಂಬಿತು. ನಾನು ಅಲ್ಲಿಯೇ ನಿಂತು ಅತ್ತುಬಿಟ್ಟೆ. ತವರಿನ ನೆನಪಾಯಿತೇನೋ ಎಂದು ಅತ್ತೆ ಸಮಾಧಾನ ಮಾಡಿದರು. ನೆನಪಾಗಿದ್ದು ನನ್ನ ಅಮ್ಮನ ಖಾಲಿ ಬುಟ್ಟಿ.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅವರು ಸೊಸೆಯಾಗಿ ಆ ಕುರ್ವೆಗೆ ಬಂದಿದ್ದರು. ಆಗಿನ ಹೊಳೆ ಹೇಗಿತ್ತು ಎಂದು ಕೇಳಿದರೆ ಅವರು ರುಚಿಯಿಂದ ಶುರುಮಾಡುತ್ತಾರೆ. ದೀಪಾವಳಿ ಕಳೆದ ಮೇಲೆ ಬೆಳಿಗ್ಗೆ ಒಂದು ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದರೆ ಹೊಳೆ ಉಪ್ಪಾಗತೊಡಗಿದ್ದು ತಿಳಿಯುತ್ತಿತ್ತಂತೆ. ಶಿವರಾತ್ರಿಯ ಹೊತ್ತಿಗೆ ಬಾಯಿಗೆ ಹಾಕಲಾರದಷ್ಟು ಉಪ್ಪು. ಜೂನ್‌ನಲ್ಲಿ ಮಳೆ ಹಿಡಿದು ವಾರ ಕಳೆಯುವುದರೊಳಗೆ ಕೆಂಪು ನೀರು, ಪೂರ್ತಿ ಸಿಹಿ. ಆ ಲೆಕ್ಕದ ಮೇಲೆಯೇ ಯಾವ ತಿಂಗಳು ಎಲ್ಲಿ ಬಲೆ ಬೀಸಬೇಕು, ಎಲ್ಲಿ ಬಳಚು, ಎಲ್ಲಿ ಕಲ್ಗ ಎಂಬ ಬಂಡೆಚಿಪ್ಪು, ಯಾವಾಗ ನೋಗ್ಲಿ ಮೀನು ಒಳಗೆ ಬರುತ್ತದೆ, ಯಾವಾಗ ಶೆಟ್ಲಿ (ಸಿಗಡಿ) ಎಂಬುದೆಲ್ಲ ನಿಂತಿತ್ತು. ಅಣೆಕಟ್ಟಾದ ಕೆಲವು ವರ್ಷಗಳ ಬಳಿಕ ನಾಲಗೆಗೆ ಲೆಕ್ಕ ತಪ್ಪಿತು. ಮಾರ್ಚ್ ತಿಂಗಳಿನಲ್ಲಿಯೂ ಹೊಳೆ ಚಪ್ಪೆ. ‘ಬೇಸಗೆಯಲ್ಲಿ ಸಿಹಿನೀರು ಬಂತೆಂದು ಎಲ್ಲರೂ ಸಂತೋಷಪಟ್ಟೆವು ಮಗಳೇ, ಬಳಚು ಸತ್ತ ಮೇಲೆ ಗೊತ್ತಾಯಿತು’ ಎಂದು ಅಮ್ಮ ಹೇಳುವುದನ್ನು ನಾನು ಬಾಲ್ಯದಿಂದ ಕೇಳಿದ್ದೇನೆ.

ಇದು ಮುದುಕಿಯೊಬ್ಬಳ ಹಳಹಳಿಕೆ ಎಂದು ಯಾರಾದರೂ ತಳ್ಳಿಹಾಕಬಹುದು. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಉತ್ತರ ಕನ್ನಡದ ಅಳಿವೆಗಳನ್ನು ಅಧ್ಯಯನ ಮಾಡಿ ಹೇಳಿದ್ದೂ ಇದನ್ನೇ. ಜಲವಿದ್ಯುತ್ ಕೇಂದ್ರಗಳಿಂದ ವರ್ಷವಿಡೀ ಹೊರಬರುವ ಸಿಹಿನೀರಿನಿಂದಾಗಿ ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ಕುಸಿದಿದೆ, ತಿನ್ನುವ ಚಿಪ್ಪುಗಳು ಹೆಚ್ಚಿನ ಜಾಗಗಳಿಂದ ಮಾಯವಾಗಿವೆ, ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅವು ಉಳಿದಿವೆ ಎಂಬುದು ಅವರ ವರದಿಗಳ ಸಾರ. ಅಘನಾಶಿನಿಯ ಚಿಪ್ಪುಗಳ ಬೆಲೆಯನ್ನೂ ಅವರು ಲೆಕ್ಕ ಹಾಕಿದ್ದಾರೆ. 2008ರ ಅವರ ಲೆಕ್ಕದಂತೆ ಚಿಪ್ಪು ಹೆಕ್ಕುವ ಕೆಲಸವೊಂದರಲ್ಲಿಯೇ ಸುಮಾರು 2,300 ಜನ ತೊಡಗಿದ್ದರು, ವರ್ಷದ ವಹಿವಾಟು 5 ಕೋಟಿ 78 ಲಕ್ಷ ರೂಪಾಯಿ. ಅಂದಿನ ಬೆಲೆಯಲ್ಲಿ. ಒಬ್ಬರೂ ಬೀಜ ಬಿತ್ತಲಿಲ್ಲ, ಗೊಬ್ಬರ ಹಾಕಲಿಲ್ಲ, ಬ್ಯಾಂಕಿನ ಸಾಲ ತೆಗೆಯಲಿಲ್ಲ.

ಸಿಹಿನೀರು ಹೆಚ್ಚಾದರೆ ಹೊಳೆಗೆ ಹೇಗೆ ಕೇಡಾಗುತ್ತದೆ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಸಹಜವಾದ ಪ್ರಶ್ನೆ, ಅದಕ್ಕೆ ಸರಿಯಾಗಿ ಉತ್ತರ ಕೊಡಬೇಕು. ಉಪ್ಪುನೀರು ಭಾರ, ಸಿಹಿನೀರು ಹಗುರ. ಬೇಸಗೆಯಲ್ಲಿ ಹೊಳೆಯ ಹರಿವು ಸೊರಗಿದಾಗ ಸಮುದ್ರದ ನೀರು ಪ್ರತಿ ಉಬ್ಬರಕ್ಕೂ ತಳ ಹಿಡಿದು ಮೇಲೆ ಮೇಲೆ ಬರುತ್ತದೆ. ಮಳೆಗಾಲದಲ್ಲಿ ನೆರೆ ಅದನ್ನು ಹಿಂದಕ್ಕೆ ಅಟ್ಟುತ್ತದೆ. ಹೀಗೆ ಆರು ತಿಂಗಳು ಇದು, ಆರು ತಿಂಗಳು ಅದು. ಬಳಚು ಮಳೆಗಾಲದಲ್ಲಿ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಸಿಹಿನೀರನ್ನು ತಡೆದುಕೊಳ್ಳುತ್ತದೆ. ಮಳೆ ಹಿಂದೆ ಸರಿದು ಉಪ್ಪು ಏರಿದ ಮೇಲೆ ಬಾಯಿ ತೆರೆದು ಬೆಳೆಯುತ್ತದೆ, ಮರಿಗಳು ತಳದ ಮರಳಿನಲ್ಲಿ ನೆಲೆಗೊಳ್ಳುತ್ತವೆ. ಉಪ್ಪು ಏರಬೇಕಾದ ಕಾಲದಲ್ಲಿಯೇ ಮೇಲಿನಿಂದ ಸಿಹಿನೀರು ಬರುತ್ತಲೇ ಇದ್ದರೆ ಅದು ಎಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿರಬೇಕು? ಸಮುದ್ರದಿಂದ ಮೇಯಲು, ಬೆಳೆಯಲು ಒಳಗೆ ಬರುವ ಮೀನು ಮತ್ತು ಸಿಗಡಿಯ ಮರಿಗಳಿಗೂ ನೀರಿನ ಉಪ್ಪೇ ದಾರಿ ತೋರಿಸುವುದು.

ಅಣೆಕಟ್ಟು ಮಾಡಿದ ಇನ್ನೊಂದು ಕೆಲಸವೆಂದರೆ ಮಳೆಗಾಲವನ್ನು ಕಿತ್ತುಕೊಂಡದ್ದು. ಜೂನ್, ಜುಲೈ ತಿಂಗಳುಗಳ ನೀರು ಮೇಲೆ ನಿಲ್ಲುತ್ತದೆ. ಲಿಂಗನಮಕ್ಕಿ ಹಿಡಿಯುವುದು ಸುಮಾರು 151 ಟಿಎಂಸಿ ಅಡಿ. ಜಲಾಶಯ ತುಂಬಿದ ವರ್ಷ ಆಗಸ್ಟ್‌ನಲ್ಲಿಯೋ ಸೆಪ್ಟೆಂಬರ್‌ನಲ್ಲಿಯೋ ಬಾಗಿಲು ತೆರೆಯುತ್ತಾರೆ, ಆಗ ನಮ್ಮ ಕುರ್ವೆಯವರು ರಾತ್ರೋರಾತ್ರಿ ಸಾಮಾನು ಅಟ್ಟಕ್ಕೇರಿಸಬೇಕು. ತುಂಬದ ವರ್ಷ ಆ ನೆರೆಯೂ ಇಲ್ಲ. ಘಟ್ಟದಿಂದ ಇಳಿದು ಬರಬೇಕಾದ ಮೆಕ್ಕಲು ಮಣ್ಣು, ಎಲೆ ಕೊಳೆತ ಸಾರ, ಮರಳು ಎಲ್ಲವೂ ಜಲಾಶಯದ ತಳಕ್ಕೆ ಕೂರುತ್ತವೆ. ಅಳಿವೆಗೆ ಬರುವ ಮರಳು ಕಡಿಮೆಯಾದರೂ ಅಳಿವೆಯಿಂದ ತೆಗೆಯುವ ಮರಳು ಕಡಿಮೆಯಾಗಿಲ್ಲ ಎಂಬುದನ್ನು ಹೊನ್ನಾವರದ ಸೇತುವೆಯ ಮೇಲೆ ನಿಂತು ನೋಡಿದ ಯಾರು ಬೇಕಾದರೂ ಹೇಳಬಲ್ಲರು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಬೇಸಗೆಯ ಆ ಸಿಹಿನೀರಿನಿಂದ ಬದುಕು ಕಟ್ಟಿಕೊಂಡವರೂ ನಮ್ಮವರೇ. ಗೇರುಸೊಪ್ಪೆಯಿಂದ ಕೆಳಗೆ ಎರಡೂ ದಂಡೆಗಳ ಅಡಿಕೆ, ತೆಂಗಿನ ತೋಟಗಳಿಗೆ ಪಂಪು ಹಚ್ಚಿದ್ದು ಆ ನೀರಿಗೇ. ನನ್ನ ದೊಡ್ಡ ಅಣ್ಣ ಬಳಚು ಬಿಟ್ಟು ತೋಟದ ಕೂಲಿಗೆ ಹೋದವನು, ಈಗ ಅವನಿಗೂ ಇಪ್ಪತ್ತು ಗುಂಟೆ ತೋಟವಿದೆ. ಮೇಲೆ ಕರೆಂಟಿನ ಲೆಕ್ಕಾಚಾರದಲ್ಲಿ ನೀರು ಬಿಡುವುದು ಕಡಿಮೆಯಾದ ಬರಗಾಲದ ಬೇಸಗೆಯಲ್ಲಿ ಅವನ ಬಾವಿ ಉಪ್ಪಾಗುತ್ತದೆ. ಅಂದರೆ ಅರವತ್ತು ವರ್ಷಗಳಲ್ಲಿ ಜನ ಒಂದು ಬದುಕನ್ನು ಬಿಟ್ಟು ಇನ್ನೊಂದಕ್ಕೆ ಒಗ್ಗಿಕೊಂಡರು, ಆ ಇನ್ನೊಂದರ ಕೀಲಿಕೈಯೂ ಅಣೆಕಟ್ಟಿನಲ್ಲಿಯೇ ಇದೆ. ಹಾಗಾಗಿ ಅಣೆಕಟ್ಟು ಒಡೆಯಿರಿ ಎಂದು ನಾನು ಹೇಳುತ್ತಿಲ್ಲ, ಹೇಳಲಾರೆ ಕೂಡ. ನಮ್ಮ ಅಂಗನವಾಡಿಯ ಬಲ್ಬು ಉರಿಯುವುದರಲ್ಲಿಯೂ ಶರಾವತಿಯ ಪಾಲಿದೆ. ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್‌ನದು, ಅದರ ಕೆಳಗೆ ಗೇರುಸೊಪ್ಪೆಯದು 240. ರಾಜ್ಯ ಇದನ್ನು ಉಂಡಿದೆ. ಯಾರ ತಟ್ಟೆಯಿಂದ ಉಂಡಿತು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ ಮುಳುಗಿದವರಿಗೆ ಸಂತ್ರಸ್ತರು ಎಂಬ ಹೆಸರಾದರೂ ಸಿಕ್ಕಿತು. ಅವರು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವುದು ನನಗೆ ಗೊತ್ತು, ಅವರ ನೋವು ದೊಡ್ಡದು. ಆದರೆ ಕೆಳಗಿನ ಅಳಿವೆಯಲ್ಲಿ ಬುಟ್ಟಿ ಖಾಲಿಯಾದವರಿಗೆ ಆ ಹೆಸರೂ ಇಲ್ಲ. ನನ್ನ ಅಮ್ಮನ ಹೆಸರು ಯಾವ ಪಟ್ಟಿಯಲ್ಲಿಯೂ ಬರಲಿಲ್ಲ, ಏಕೆಂದರೆ ಅವರ ಮನೆ ಮುಳುಗಲಿಲ್ಲ, ಜಾಗ ಹೋಗಲಿಲ್ಲ. ಹೋದದ್ದು ನೀರಿನ ಉಪ್ಪು. ಅದಕ್ಕೆ ಪಹಣಿ ಇರುವುದಿಲ್ಲ.

ಈಗ ಹೊಸ ಯೋಜನೆಯ ವಿಷಯಕ್ಕೆ ಬರುತ್ತೇನೆ. ಮೇಲಿನ ತಲಕಳಲೆ ಮತ್ತು ಕೆಳಗಿನ ಗೇರುಸೊಪ್ಪೆ ಜಲಾಶಯಗಳ ನಡುವೆ ಗುಡ್ಡದೊಳಗೆ ಸುರಂಗ ಕೊರೆದು, ವಿದ್ಯುತ್ ಹೇರಳವಾಗಿರುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆ ಎತ್ತಿ, ಬೇಡಿಕೆಯ ಹೊತ್ತಿನಲ್ಲಿ ಕೆಳಗೆ ಬಿಟ್ಟು 2,000 ಮೆಗಾವಾಟ್ ಉತ್ಪಾದಿಸುವ ಯೋಜನೆ ಇದು. ನೀರು ಮೇಲೆ ಕೆಳಗೆ ಓಡಾಡುತ್ತದೆಯೇ ಹೊರತು ಖರ್ಚಾಗುವುದಿಲ್ಲ, ಹೊಸ ಅಣೆಕಟ್ಟೂ ಬೇಡ, ಆದ್ದರಿಂದ ಕೆಳಗಿನ ಹೊಳೆಗೆ ಏನೂ ಆಗುವುದಿಲ್ಲ ಎನ್ನುವುದು ಪರವಾಗಿರುವವರ ಮಾತು.

ನಮ್ಮ ಸೀಮೆಯಲ್ಲಿ ಈ ಬಗ್ಗೆ ನಡೆದ ಒಂದು ಸಣ್ಣ ಸಭೆಗೆ ನಾನು ಹೋಗಿದ್ದೆ. ವಿವರಿಸಲು ಬಂದಿದ್ದ ಯುವ ಎಂಜಿನಿಯರ್ ಒಳ್ಳೆಯ ಹುಡುಗ, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸಿದ. ಹೊನ್ನಾವರದ ಅಳಿವೆಯ ಬಗ್ಗೆ ಏನು ಅಧ್ಯಯನ ಮಾಡಿದ್ದೀರಿ ಎಂದು ಕೇಳಿದೆ. ಅವನು ನಕಾಶೆ ಬಿಡಿಸಿ ಪೆನ್ಸಿಲಿನಿಂದ ಒಂದು ವೃತ್ತ ಎಳೆದ. ‘ಅಕ್ಕೋರೇ, ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಯೋಜನೆಯ ಸುತ್ತ ಹತ್ತು ಕಿಲೋಮೀಟರ್ ನೋಡುತ್ತಾರೆ. ಹೊನ್ನಾವರ ಇದರ ಹೊರಗೆ ಬೀಳುತ್ತದೆ’ ಎಂದ. ನಾನು ಆ ವೃತ್ತವನ್ನು ನೋಡುತ್ತಲೇ ಇದ್ದೆ. ಗೆರೆ ಹೊಳೆಯನ್ನು ಅಡ್ಡವಾಗಿ ಕತ್ತರಿಸಿ ಮುಂದೆ ಹೋಗಿತ್ತು. ಹೊಳೆ ಮಾತ್ರ ಗೆರೆ ದಾಟಿ, ಉಪ್ಪೋಣಿ ಊರನ್ನು ಹಾದು, ಕುರ್ವೆಗಳನ್ನು ಸುತ್ತಿ ಸಮುದ್ರಕ್ಕೆ ಹೋಗಿತ್ತು.

ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಕಾಳುಮೆಣಸಿನ ರಾಣಿ ಎಂದು ಹೆಸರಾದ ಚೆನ್ನಭೈರಾದೇವಿಯ ಕಾಲದಲ್ಲಿ ಮೆಣಸು ಈ ಹೊಳೆಯಲ್ಲಿಯೇ ಇಳಿದು ಕಡಲಿಗೆ ಹೋಗುತ್ತಿತ್ತು. ದೋಣಿಗಳ ಪಾಲಿಗೆ ಗೇರುಸೊಪ್ಪೆ ಮತ್ತು ಹೊನ್ನಾವರ ಒಂದೇ ದಾರಿಯ ಎರಡು ತುದಿಗಳಾಗಿದ್ದವು. ಉಪ್ಪೋಣಿ ಎಂಬ ಹೆಸರು ಕೇಳಿದಾಗಲೆಲ್ಲ ನನಗೆ ಅಮ್ಮನ ನಾಲಗೆಯ ಮೇಲಿನ ಉಪ್ಪಿನ ನೆನಪು. ಇಷ್ಟು ಒಂದಾಗಿರುವ ಹೊಳೆಯ ಮೇಲಿನ ಅರ್ಧವನ್ನು ಅಧ್ಯಯನ ಮಾಡಿ ಕೆಳಗಿನ ಅರ್ಧಕ್ಕೆ ಏನೂ ಆಗುವುದಿಲ್ಲ ಎಂದು ಹೇಳುವುದು ಹೇಗೆ?

ನೀರು ಖರ್ಚಾಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅಳಿವೆಗೆ ಬೇಕಾದದ್ದು ವರ್ಷದ ಒಟ್ಟು ಲೆಕ್ಕ ಒಂದೇ ಅಲ್ಲ, ಯಾವ ತಿಂಗಳು, ಯಾವ ಹೊತ್ತಿನಲ್ಲಿ, ಎಷ್ಟು ಎಂಬುದೂ ಬೇಕು. ಲಿಂಗನಮಕ್ಕಿಯೂ ಶರಾವತಿಯ ನೀರನ್ನು ಬೇರೆ ಊರಿಗೆ ಒಯ್ಯಲಿಲ್ಲ. ನೀರು ಕೊನೆಗೆ ಅದೇ ಹೊಳೆಗೆ ಬಂತು, ಕಾಲ ತಪ್ಪಿ ಬಂತು, ಅಷ್ಟಕ್ಕೇ ಬಳಚು ಹೋಯಿತು. ನಾಳೆ ಗೇರುಸೊಪ್ಪೆ ಜಲಾಶಯ ದಿನಕ್ಕೊಮ್ಮೆ ಏರಿ ಇಳಿಯುವ ಕೆರೆಯಾದರೆ, ಅಲ್ಲಿಂದ ಕೆಳಗೆ ನೀರು ಬಿಡುವ ಹೊತ್ತನ್ನು ಯಾವುದು ನಿರ್ಧರಿಸುತ್ತದೆ? ಮೇಲಕ್ಕೆ ಎತ್ತಲು ನೀರು ಉಳಿಸಿಕೊಳ್ಳಬೇಕಾದ ಹಗಲಿನಲ್ಲಿ ಕೆಳಗಿನ ಹರಿವು ಕಡಿಮೆಯಾಗುತ್ತದೆಯೇ? ಬರಗಾಲದ ಬೇಸಗೆಯಲ್ಲಿ ಇರುವ ಸ್ವಲ್ಪ ನೀರನ್ನು ಯಂತ್ರಕ್ಕೆಂದು ಹಿಡಿದಿಟ್ಟರೆ ನನ್ನ ಅಣ್ಣನ ಬಾವಿಗೆ ಏನಾಗುತ್ತದೆ? ಸುರಂಗ ಕೊರೆದ ಕಲ್ಲು ಮಣ್ಣನ್ನು ಎಲ್ಲಿ ರಾಶಿ ಹಾಕುತ್ತಾರೆ, ಗೇರುಸೊಪ್ಪೆಯ ಮಳೆ ಅದನ್ನು ಎಷ್ಟು ದಿನ ಅಲ್ಲಿಯೇ ಇರಲು ಬಿಡುತ್ತದೆ? ನುಣುಪು ಹೂಳು ತಳಕ್ಕೆ ಕೂತರೆ ಅಳಿದುಳಿದ ಬಳಚು ಉಸಿರುಕಟ್ಟಿ ಸಾಯುತ್ತದೆ. ಇವೆಲ್ಲ ಆಗಿಯೇ ಆಗುತ್ತವೆ ಎಂದು ಹೇಳುವಷ್ಟು ವಿದ್ಯೆ ನನಗಿಲ್ಲ. ಅಳೆದು ನೋಡಿ ಹೇಳಿ ಎಂಬುದಷ್ಟೇ ನನ್ನ ಬೇಡಿಕೆ.

ಇಂಥ ಪ್ರಶ್ನೆಗಳನ್ನು ಮೊದಲೇ ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ವೆಂಬನಾಡ್ ಸರೋವರ ನಮ್ಮ ಕಣ್ಣೆದುರಿಗಿದೆ. ಕುಟ್ಟನಾಡಿನ ಭತ್ತದ ಗದ್ದೆಗಳಿಗೆ ಉಪ್ಪುನೀರು ನುಗ್ಗದಿರಲೆಂದು 1970ರ ದಶಕದಲ್ಲಿ ಅಲ್ಲಿ ತಣ್ಣೀರುಮುಕ್ಕಂ ಎಂಬಲ್ಲಿ ಸರೋವರಕ್ಕೆ ಅಡ್ಡಲಾಗಿ ತಡೆಗೋಡೆ ಕಟ್ಟಿದರು. ಬೇಸಗೆಯ ತಿಂಗಳುಗಳಲ್ಲಿ ಬಾಗಿಲು ಮುಚ್ಚುತ್ತಾರೆ. ಗದ್ದೆಗೆ ಉಪಕಾರವಾಯಿತು. ಆದರೆ ಗೋಡೆಯ ಒಳಭಾಗದಲ್ಲಿ ಉಪ್ಪಿಲ್ಲದ ನೀರು ನಿಂತು ಅಂತರಗಂಗೆ ಹಬ್ಬಿತು, ಗದ್ದೆಯ ಔಷಧಿ ಅಲ್ಲಿಯೇ ಉಳಿಯಿತು, ಸಮುದ್ರದಿಂದ ಬರುವ ಮೀನು, ಸಿಗಡಿಗಳ ದಾರಿ ಕಟ್ಟಿತು, ಕರಿಚಿಪ್ಪು ಹೆಕ್ಕುವವರ ಪಾಡು ನಮ್ಮ ಕುರ್ವೆಯವರ ಪಾಡೇ ಆಯಿತು. ಬಾಗಿಲು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ರೈತರೂ ಮೀನುಗಾರರೂ ಅಂದಿನಿಂದ ಎಳೆದಾಡುತ್ತಲೇ ಇದ್ದಾರೆ. ಇಬ್ಬರೂ ಬಡವರೇ, ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ, ಅದೇ ನನಗೆ ಹೆಚ್ಚು ಸಂಕಟದ ವಿಷಯ. ಒಡಿಶಾದ ಚಿಲಿಕಾ ಸರೋವರದಲ್ಲಿ ಅಳಿವೆ ಬಾಯಿ ಮುಚ್ಚಿಕೊಂಡು ಉಪ್ಪು ಕಡಿಮೆಯಾಗಿ ಮೀನು ಕುಸಿದಾಗ 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದರು. ಉಪ್ಪು ಮರಳಿದ ಮೇಲೆ ಮೀನೂ ಮರಳಿತು. ತಿದ್ದಿಕೊಳ್ಳಲು ಮನಸ್ಸಿದ್ದರೆ ದಾರಿ ಇದೆ ಎಂದು ತಿಳಿದದ್ದು ಅದನ್ನು ಓದಿದಾಗ.

ಈಗ ನನ್ನ ಗಂಡನ ಮನೆಯ ಹೊಳೆಯ ಮಾತು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. 4,801 ಹೆಕ್ಟೇರ್. ಆರರಿಂದ ಏಳೂವರೆ ಸಾವಿರ ಕುಟುಂಬಗಳು ಇದರಿಂದ ಬದುಕುತ್ತಿವೆ ಎಂದು ಘೋಷಣೆಯ ವಿವರದಲ್ಲಿಯೇ ಇದೆ. ಅದನ್ನು ಓದಿ ಹೇಳಿದ ದಿನ ನಮ್ಮ ಅತ್ತೆ, ‘ನಮ್ಮ ಹೊಳೆಯ ಹೆಸರು ಪರದೇಶದಲ್ಲಿಯೂ ಬರೆದಿದ್ದಾರಾ?’ ಎಂದು ಎರಡು ಸಲ ಕೇಳಿದರು. ಇಲ್ಲಿ ಗಜನಿ ಭೂಮಿಯಲ್ಲಿ, ಅಂದರೆ ಕಟ್ಟೆ ಕಟ್ಟಿದ ಹಿನ್ನೀರಿನ ತಗ್ಗು ಗದ್ದೆಗಳಲ್ಲಿ, ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ತಡೆಯುವ, ನೆರೆಯಲ್ಲಿ ಮುಳುಗಿದರೂ ಸಾಯದ ಭತ್ತ ಅದು. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ತೆಗೆದು ಉಪ್ಪುನೀರು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಶೆಟ್ಲಿ, ಏಡಿ, ಮೀನು. ಭತ್ತದ ಕೂಳೆ ಮೀನಿಗೆ ಮೇವು, ಮೀನಿನ ಕಸ ಮುಂದಿನ ಭತ್ತಕ್ಕೆ ಗೊಬ್ಬರ. ಸ್ವಲ್ಪ ಮುಂದೆ ಸಾಣಿಕಟ್ಟೆಯಲ್ಲಿ ಅದೇ ಹಿನ್ನೀರಿನಿಂದ ಉಪ್ಪು ತೆಗೆಯುತ್ತಾರೆ. ಒಂದೇ ನೀರು ಜೂನ್‌ನಲ್ಲಿ ಅನ್ನ, ಜನವರಿಯಲ್ಲಿ ಮೀನು, ಏಪ್ರಿಲ್‌ನಲ್ಲಿ ಉಪ್ಪು. ನಮ್ಮಲ್ಲಿಯೂ ಎಲ್ಲವೂ ಸೊಗಸಾಗಿದೆ ಎಂದಲ್ಲ. ಬಳಚು ಕೆಲವು ವರ್ಷ ಬರುತ್ತದೆ, ಕೆಲವು ವರ್ಷ ಬರುವುದಿಲ್ಲ, ದೋಣಿ ತುಂಬ ಹೆಕ್ಕಿ ಹೊರರಾಜ್ಯಕ್ಕೆ ಕಳಿಸುವ ಆಸೆಯಿಂದ ಮರಿಗಳನ್ನೂ ಬಿಡುವುದಿಲ್ಲ, ಗಜನಿಗಳು ಹಾಳುಬಿದ್ದಿರುವುದೂ ಉಂಟು. ಆದರೆ ಹೊಳೆಯ ಉಪ್ಪು ಸಿಹಿಯ ಲೆಕ್ಕ ಇನ್ನೂ ಕೆಟ್ಟಿಲ್ಲ, ಅದು ಇದ್ದರೆ ಉಳಿದದ್ದನ್ನು ಸರಿಮಾಡಿಕೊಳ್ಳಬಹುದು.

ಹೀಗಿರುವಾಗ ಅಘನಾಶಿನಿಯನ್ನು ಬಯಲುಸೀಮೆಯ ವೇದಾವತಿ ಹೊಳೆಗೆ, ನಮ್ಮ ಜಿಲ್ಲೆಯದೇ ಆದ ಬೇಡ್ತಿಯನ್ನು ವರದಾ ಹೊಳೆಗೆ ಜೋಡಿಸುವ ಮಾತು ಮತ್ತೆ ಮತ್ತೆ ಏಳುತ್ತಿದೆ. ಒಂದು ಕೈಯಿಂದ ರಾಮ್ಸಾರ್ ಪ್ರಮಾಣಪತ್ರ, ಇನ್ನೊಂದು ಕೈಯಿಂದ ನೀರಿನ ಕೊಳವೆ. ಇದನ್ನು ಹೇಳುವ ಭಾಷಣಗಳಲ್ಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ: ‘ಸಮುದ್ರಕ್ಕೆ ವ್ಯರ್ಥವಾಗಿ ಹರಿದುಹೋಗುವ ನೀರು’. ಬಯಲುಸೀಮೆಯ ತಾಯಂದಿರು ಕೊಡ ಹಿಡಿದು ಮೈಲಿಗಟ್ಟಲೆ ನಡೆಯುವುದು ನನ್ನ ಹೊಟ್ಟೆಯನ್ನೂ ಉರಿಸುತ್ತದೆ. ಅವರಿಗೆ ನೀರು ಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಆ ‘ವ್ಯರ್ಥ’ ಎಂಬ ಶಬ್ದವನ್ನು ದಯವಿಟ್ಟು ಬಿಡಿ. ನನ್ನ ಅಂಗನವಾಡಿಯ ಮಕ್ಕಳ ತೂಕವನ್ನು ನಾನು ಪ್ರತಿ ತಿಂಗಳು ಬರೆಯುತ್ತೇನೆ. ಬಳಚು ಚೆನ್ನಾಗಿ ಸಿಕ್ಕ ತಿಂಗಳು ಯಾವುದು, ಸಿಗದ ತಿಂಗಳು ಯಾವುದು ಎಂದು ಕೆಲವು ಮನೆಗಳ ಮಕ್ಕಳ ತಟ್ಟೆ ನೋಡಿದರೆ ಹೇಳಬಲ್ಲೆ. ಅವರ ಅಮ್ಮಂದಿರಿಗೆ ದೋಣಿ ಇಲ್ಲ, ಬಲೆ ಇಲ್ಲ, ತುಂಡು ಭೂಮಿಯೂ ಇಲ್ಲ. ಇಳಿತದ ಹೊತ್ತಿನ ಎರಡು ಗಂಟೆ ಮತ್ತು ಎರಡು ಕೈ. ಮಾರಿದ್ದು ಮಾರಿ, ಉಳಿದ ಒಂದು ಹಿಡಿಯಲ್ಲಿ ಮಕ್ಕಳಿಗೆ ಬಳಚಿನ ಸುಕ್ಕ ಮಾಡುತ್ತಾರೆ. ಆ ನೀರು ಸಮುದ್ರಕ್ಕೆ ಹೋಗುವ ಮೊದಲು ಮಾಡಿದ ಕೆಲಸ ಇದು.

ಘಟ್ಟದ ಮೇಲೆಯೂ ನೀರು ಕೂಡಿಡುವ ಜಾಗಗಳಿವೆ, ಅವಕ್ಕೆ ಸಿಮೆಂಟು ಬೇಕಾಗಿಲ್ಲ. ಹೊನ್ನಾವರದಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ಕತ್ತಲೆಕಾನಿನಲ್ಲಿ ರಾಮಪತ್ರೆ ಮರಗಳ ಜೌಗು ಕಾಡುಗಳಿವೆ, ಜಡ್ಡಿ ಎನ್ನುತ್ತೇವೆ. ಮರದ ಬೇರುಗಳು ಮೊಣಕಾಲು ಮಡಚಿದಂತೆ ಕೆಸರಿನಿಂದ ಮೇಲೆದ್ದಿರುತ್ತವೆ. ಏಪ್ರಿಲ್‌ನಲ್ಲಿ ಹೋದರೂ ಕಾಲಡಿ ತಂಪು ನೀರು. ನಮ್ಮ ಹೊಳೆಗಳು ಬೇಸಗೆಯಲ್ಲಿ ಸಣ್ಣಗೆ ಹರಿಯುವುದು ಇಂಥ ಜಡ್ಡಿಗಳ ಕೃಪೆಯಿಂದ. ಕಣಿವೆಯೊಳಗೆ ಸುರಂಗ, ರಸ್ತೆ ಮಾಡುವಾಗ ಇಂಥ ಜಾಗದ ನೀರಿನ ಸೆಲೆ ಒಮ್ಮೆ ತಪ್ಪಿದರೆ ಮತ್ತೆ ಕೂಡಿಸಲು ಯಾವ ಎಂಜಿನಿಯರಿಗೂ ಸಾಧ್ಯವಿಲ್ಲ.

ಸಂಪಾದಕರೇ, ನಿಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರಿಗೆ ತಲುಪಲಿ ಎಂದು ಈ ಕೆಲವು ಮಾತು ಬರೆಯುತ್ತಿದ್ದೇನೆ. ಯೋಜನೆಯ ಪರಿಣಾಮದ ಅಧ್ಯಯನ ಗೇರುಸೊಪ್ಪೆಯ ಕೆಳಗೆ ಎಲ್ಲಿಯೋ ನಿಲ್ಲದೆ ಹೊನ್ನಾವರದ ಅಳಿವೆ ಬಾಯಿಯವರೆಗೆ ಬರಲಿ. ಒಂದು ಮಳೆಗಾಲ ಮತ್ತು ಒಂದು ಬೇಸಗೆ ಪೂರ್ತಿ, ಅಂದರೆ ಹನ್ನೆರಡು ತಿಂಗಳು, ಗೇರುಸೊಪ್ಪೆ, ಉಪ್ಪೋಣಿ, ಕುರ್ವೆಗಳು ಮತ್ತು ಹೆದ್ದಾರಿಯ ಸೇತುವೆಯ ಬಳಿ ಉಬ್ಬರದಲ್ಲಿಯೂ ಇಳಿತದಲ್ಲಿಯೂ ನೀರಿನ ಉಪ್ಪನ್ನು ಅಳೆಯಲಿ. ಮೇಲೂ ಅಳೆಯಬೇಕು, ತಳದಲ್ಲಿಯೂ ಅಳೆಯಬೇಕು. ಅಘನಾಶಿನಿಯಲ್ಲಿಯೂ ಅದೇ ದಿನ ಅಳೆದರೆ ಕಟ್ಟಿದ ಹೊಳೆ ಮತ್ತು ಕಟ್ಟದ ಹೊಳೆಯ ವ್ಯತ್ಯಾಸ ಕಾಗದದ ಮೇಲೆ ಬರುತ್ತದೆ. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಈಗ ಇರುವ ಅಣೆಕಟ್ಟುಗಳಿಂದಲೇ ಬೇಸಗೆಯ ಕೆಲವು ವಾರ ನೀರು ಬಿಡುವ ಕ್ರಮವನ್ನು ಬದಲಿಸಿದರೆ, ತೋಟದವರ ಬಾವಿಗೆ ತೊಂದರೆಯಾಗದಂತೆ ಅಳಿವೆಯ ಕೆಳಭಾಗದಲ್ಲಿಯಾದರೂ ಉಪ್ಪು ಮರಳಿಸಲು ಆಗುತ್ತದೆಯೇ ಎಂಬುದನ್ನೂ ವಿಜ್ಞಾನಿಗಳು ನೋಡಲಿ. ಯಾವ ದಿನ, ಎಷ್ಟು ಹೊತ್ತು, ಎಷ್ಟು ನೀರು ಬಿಡುತ್ತಾರೆ ಎಂಬುದು ಕೆಳಗಿನ ಪಂಚಾಯಿತಿಗಳ ಫಲಕದಲ್ಲಿ ಮುಂಚಿತವಾಗಿ ಬರೆದಿರಲಿ. ರೈಲಿನ ವೇಳಾಪಟ್ಟಿ ಬರೆದಿಡುವ ದೇಶದಲ್ಲಿ ಹೊಳೆಯ ವೇಳಾಪಟ್ಟಿ ಬರೆದಿಡುವುದು ಕಷ್ಟವಾಗಬಾರದು.

ಸಾರ್ವಜನಿಕ ಅಹವಾಲಿನ ಬಗ್ಗೆ ಒಂದು ಸಣ್ಣ ಮಾತು ಉಳಿದಿದೆ. ದೊಡ್ಡ ಯೋಜನೆಗಳಿಗೆ ಜನರ ಅಹವಾಲು ಕೇಳಬೇಕೆಂದು 2006ರ ಪರಿಸರ ಅಧಿಸೂಚನೆ ಹೇಳುತ್ತದೆ. ಸಭೆಗಳು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗುತ್ತವೆ. ಬಳಚು ಹೆಕ್ಕುವವರು ಗಡಿಯಾರ ನೋಡಿ ಹೊಳೆಗಿಳಿಯುವುದಿಲ್ಲ, ಚಂದ್ರನನ್ನು ನೋಡಿ ಇಳಿಯುತ್ತಾರೆ. ಇಳಿತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಸರಿಯುತ್ತಾ ಹೋಗುತ್ತದೆ. ಸಭೆಯ ಹೊತ್ತಿಗೇ ಇಳಿತ ಬಿದ್ದರೆ ಆ ದಿನ ಅವರು ಹೊಳೆಯಲ್ಲಿರುತ್ತಾರೆ, ಏಕೆಂದರೆ ಆ ದಿನ ಬಿಟ್ಟರೆ ಆ ದಿನದ ಅಕ್ಕಿ ಇಲ್ಲ. ಅವರು ಬರದಿದ್ದುದನ್ನು ಅವರಿಗೆ ಆಕ್ಷೇಪವಿಲ್ಲ ಎಂದು ಬರೆದುಕೊಳ್ಳಬೇಡಿ. ಮುಂದಿನ ಸಲ ಅಳಿವೆಯವರನ್ನು ಕರೆಯುವಾಗ ದಿನಾಂಕ ಹಾಕುವ ಮೊದಲು ಭರತ ಇಳಿತದ ಪಟ್ಟಿ ನೋಡಿ, ಉಬ್ಬರ ತುಂಬಿ ನಿಲ್ಲುವ ಹೊತ್ತಿಗೆ ಸಭೆ ಇಡಿ, ಹೊನ್ನಾವರದ ಹೊಳೆಬದಿಯಲ್ಲಿಯೇ ಇಡಿ. ನಮ್ಮ ಕುರ್ವೆಯ ಹೆಂಗಸರನ್ನು ಕರೆತರುವ ಜವಾಬ್ದಾರಿ ನನ್ನದು. ಅಮ್ಮನನ್ನೂ ದೋಣಿಯಲ್ಲಿ ಕೂರಿಸಿಕೊಂಡು ಬರುತ್ತೇನೆ. ನೀರು 1962ರಲ್ಲಿ ಯಾವ ತಿಂಗಳು ಎಲ್ಲಿಯವರೆಗೆ ಉಪ್ಪಾಗಿತ್ತು ಎಂದು ಅವರು ಜಾಗ ತೋರಿಸಿ ಹೇಳಬಲ್ಲರು. ಬರೆದುಕೊಳ್ಳಲು ಯಾರಾದರೂ ಒಬ್ಬರು ಬರಲಿ, ಸ್ವಲ್ಪ ಬೇಗ ಬರಲಿ.

ಇಂತಿ ನಿಮ್ಮ ಓದುಗಳು,
ಅಂಗನವಾಡಿ ಕಾರ್ಯಕರ್ತೆ, ಅಘನಾಶಿನಿ ದಂಡೆ, ಕುಮಟಾ ತಾಲ್ಲೂಕು

(ಸರ್ಕಾರದ ಗೌರವಧನದಲ್ಲಿ ಕೆಲಸ ಮಾಡುವವಳಾದ್ದರಿಂದ ಹೆಸರು ಪ್ರಕಟಿಸಬಾರದೆಂದು ವಿನಂತಿ.)